ಹೆಸರುಗಳು ನಡೆದು ಬಂದ ದಾರಿ

ಆಟವೆಂಬುದು ಕೇವಲ ಹೊತ್ತು ಕಳೆಯುವ ಸಾಧನವೆಂದು ಹಲವರು ಭಾವಿಸುವುದುಂಟು. ಆದರೆ ಆಟದ ಕಾಯಿಗಳಿಗೆ ಇಟ್ಟಿರುವ ಹೆಸರುಗಳನ್ನು ಕೆದಕಿ ನೋಡಿದರೆ, ಅವುಗಳ ಅಡಿಯಲ್ಲಿ ಒಂದು ಜನಾಂಗದ ನಂಬಿಕೆ ಮತ್ತು ಇತಿಹಾಸಗಳು ಹುದುಗಿರುವುದು ಕಂಡುಬರುತ್ತದೆ. ಗಣಕಯಂತ್ರದ ತೆರೆಯ ಮೇಲೆ ಆಡುವ ಕಾಲ್ಪನಿಕ ಯುದ್ಧದ ಆಟಗಳಲ್ಲಿ ಬರ್ಸರ್ಕ್, ಹಸ್ಕಾರ್ಲ್, ವಾಲ್ಕಿರಿ, ಐನ್‌ಹೆರ್ಯರ್ ಮುಂತಾದ ಹೆಸರಿನ ಯೋಧರಿರುತ್ತಾರೆ. ಗುಂಡಿಯೊಂದನ್ನು ಒತ್ತಿದೊಡನೆ ಹುಟ್ಟಿ, ಕೆಲವೇ ಕ್ಷಣಗಳಲ್ಲಿ ಅಳಿಯುವ ಈ ಯೋಧರ ಹೆಸರುಗಳು ಆಟವನ್ನು ರಚಿಸಿದವರ ಕಲ್ಪನೆಯಿಂದ ಮೂಡಿದವಲ್ಲ. ಅವು ಯುರೋಪಿನ ಉತ್ತರಭಾಗದ ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಐಸ್‌ಲೆಂಡ್ ದೇಶಗಳ ಜನರು ಸಾವಿರ ವರ್ಷಗಳ ಹಿಂದೆ ಆಡುತ್ತಿದ್ದ ಪ್ರಾಚೀನ ನಾರ್ಸ್ ಭಾಷೆಯ ಮಾತುಗಳು.

ಈ ಪ್ರತಿಯೊಂದು ಹೆಸರಿನಲ್ಲಿಯೂ ಒಂದು ಅರ್ಥ ಅಡಗಿದೆ. ‘ಹೂಸ್’ ಎಂದರೆ ಮನೆ, ‘ಕಾರ್ಲ್’ ಎಂದರೆ ಆಳು. ಆದುದರಿಂದ ಹಸ್ಕಾರ್ಲ್ ಎಂದರೆ ಮನೆಯಾಳು. ಮೊದಲಿಗೆ ಊಳಿಗದವನನ್ನು ಸೂಚಿಸುತ್ತಿದ್ದ ಈ ಪದವು ಕ್ರಮೇಣ ಅರಸನ ಆಶ್ರಯದಲ್ಲಿದ್ದು ಅವನ ಮೈಗಾವಲಿಗೆ ನಿಲ್ಲುವ ಯೋಧನಿಗೆ ಸಂದಿತು. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಕದನದಲ್ಲಿ ಅರಸ ಹೆರಾಲ್ಡನ ಪರವಾಗಿ ಕಾದಿದವರಲ್ಲಿ ಇಂತಹ ಮನೆಯಾಳುಗಳಿದ್ದರು. ‘ವಾಲ್ಕಿರಿ’ ಎಂದರೆ ರಣದಲ್ಲಿ ಮಡಿದವರನ್ನು ಆರಿಸುವವಳು. ದೇವತೆಗಳ ಒಡೆಯನಾದ ಓಡಿನನ ಆಣತಿಯಂತೆ ಆಕೆ ರಣರಂಗಕ್ಕೆ ಬಂದು, ಮಡಿದ ವೀರರನ್ನು ವಲ್ಹಾಲ ಎಂಬ ಅವನ ಮಂದಿರಕ್ಕೆ ಸೇರಿಸುವಳೆಂದು ಆ ಜನರು ನಂಬಿದ್ದರು. ಹಾಗೆ ಸೇರಿದ ವೀರರೇ ಐನ್‌ಹೆರ್ಯರ್. ಅವರು ಹಗಲೆಲ್ಲ ತಮ್ಮತಮ್ಮಲ್ಲೇ ಹೊಡೆದಾಡಿ ಬಿದ್ದು, ಸಂಜೆಗೆ ಮತ್ತೆ ಎದ್ದು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವರಂತೆ. ಸತ್ತ ಕಾಯಿಗೆ ಮರಳಿ ಜೀವ ಬರುವ ಆಟಗಳಲ್ಲಿ ಈ ಹೆಸರು ಕಾಣಿಸಿಕೊಂಡಿರುವುದು ಉಚಿತವಾಗಿಯೇ ಇದೆ.

ಬರ್ಸರ್ಕ್ ಎಂಬ ಹೆಸರಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಕರಡಿಯ ತೊಗಲನ್ನು ಅಂಗಿಯಾಗಿ ತೊಟ್ಟವನು ಎಂಬುದು ಅದರ ಅರ್ಥವೆಂದು ಹಲವು ವಿದ್ವಾಂಸರು ಹೇಳುತ್ತಾರೆ; ಕವಚವಿಲ್ಲದೆ ಕಾದುವವನು ಎಂಬುದು ಮತ್ತೊಂದು ಮತ. ಈ ಯೋಧರು ಕದನದ ಉನ್ಮಾದದಲ್ಲಿ ತಮ್ಮ ಗುರಾಣಿಯ ಅಂಚನ್ನೇ ಕಚ್ಚುತ್ತಿದ್ದರೆಂದು ಪ್ರಾಚೀನ ಕಥನಗಳು ವರ್ಣಿಸುತ್ತವೆ. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 12ನೆಯ ಶತಮಾನದ ಚದುರಂಗದ ಕಾಯಿಗಳು ದೊರೆತವು. ಅವುಗಳಲ್ಲಿ ಬಹುಪಾಲು ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಿಂದ ಕೆತ್ತಿದವು. ಚದುರಂಗವು ಹುಟ್ಟಿದ್ದು ಭಾರತದಲ್ಲಿ. ಪಾರಸಿಕರ ಮತ್ತು ಅರಬರ ಮೂಲಕ ಅದು ಯುರೋಪಿಗೆ ಸಾಗಿತು. ಭಾರತದ ಚತುರಂಗಬಲದಲ್ಲಿ ರಥವಾಗಿದ್ದ ಮೂಲೆಯ ಕಾಯಿ ಲೂಯಿಸ್ ದ್ವೀಪದಲ್ಲಿ ದೊರೆತ ಕಾಯಿಗಳಲ್ಲಿ ಕತ್ತಿ ಹಿಡಿದು ನಿಂತ ಕಾಲಾಳಾಗಿದೆ. ಆ ಕಾಲಾಳುಗಳಲ್ಲಿ ಕೆಲವರು ಕಣ್ಣರಳಿಸಿ ಗುರಾಣಿಯನ್ನು ಕಚ್ಚುತ್ತಿದ್ದಾರೆ. ಬರ್ಸರ್ಕನು ಆಟದ ಕಾಯಿಯಾದುದು ನಿನ್ನೆ ಮೊನ್ನೆಯಲ್ಲ, ಎಂಟುನೂರು ವರ್ಷಗಳಿಗೂ ಹಿಂದೆ ಎಂಬುದಕ್ಕೆ ಇದೇ ಸಾಕ್ಷಿ.

ಇಷ್ಟು ಹಳೆಯ ಹೆಸರುಗಳು ಅಳಿಯದೆ ಉಳಿದುದು ಹೇಗೆ? ಕ್ರಿ.ಶ. 1000ದ ಸುಮಾರಿಗೆ ಐಸ್‌ಲೆಂಡಿನ ಜನರು ಕ್ರೈಸ್ತಮತವನ್ನು ಸ್ವೀಕರಿಸಿದರು. ಕಾಲಕ್ರಮದಲ್ಲಿ ಹಳೆಯ ದೇವತೆಗಳ ಪೂಜೆ ನಿಂತಿತು. ಅವರ ಕಥೆಗಳೂ ಮರೆಯಾಗುವ ಸಂಭವ ಒದಗಿತು. ಆ ನಾಡಿನ ಕಾವ್ಯದಲ್ಲಿ ಹಡಗನ್ನು ಕಡಲಕುದುರೆಯೆಂದೂ ಚಿನ್ನವನ್ನು ಸಿಫ್ ದೇವಿಯ ಕೂದಲೆಂದೂ ಕರೆಯುವ ರೂಢಿಯಿತ್ತು. ಸಿಫ್ ದೇವಿಯ ಕಥೆಯನ್ನರಿಯದವನಿಗೆ ಅಂತಹ ಕಾವ್ಯವು ಬರಿಯ ಒಗಟು. ಇದನ್ನು ಮನಗಂಡ ಸ್ನೋರಿ ಸ್ಟರ್ಲುಸನ್ ಎಂಬ ವಿದ್ವಾಂಸನು 1220ರ ಸುಮಾರಿಗೆ ಎಳೆಯ ಕವಿಗಳ ಉಪಯೋಗಕ್ಕಾಗಿ ‘ಎಡ್ಡಾ’ ಎಂಬ ಗ್ರಂಥವನ್ನು ರಚಿಸಿ, ಹಳೆಯ ಕಥೆಗಳನ್ನೆಲ್ಲ ಅದರಲ್ಲಿ ನಿರೂಪಿಸಿದನು. ಅವನು ಸ್ವತಃ ಕ್ರೈಸ್ತ. ಹಳೆಯ ದೇವತೆಗಳನ್ನು ಮರಳಿ ಪೂಜೆಗೆ ತರುವುದು ಅವನ ಉದ್ದೇಶವಾಗಿರಲಿಲ್ಲ. ಪೂರ್ವಿಕರ ಮಾತುಗಳು ಅರ್ಥಗೆಡಬಾರದೆಂಬುದೇ ಅವನ ಕಳಕಳಿ. ಅಧಿಕಾರದ ಕಲಹಗಳಲ್ಲಿ ಸಿಲುಕಿ 1241ರಲ್ಲಿ ಅವನು ತನ್ನ ಮನೆಯಲ್ಲಿಯೇ ಹತನಾದನು. ಆದರೆ ಅವನ ಗ್ರಂಥ ಉಳಿಯಿತು. ಅದೇ ಶತಮಾನದಲ್ಲಿ ಹೆಸರರಿಯದ ಲಿಪಿಕಾರನೊಬ್ಬನು ಪ್ರಾಚೀನ ದೇವಗೀತೆಗಳನ್ನೂ ವೀರಗೀತೆಗಳನ್ನೂ ಚರ್ಮದ ಹಾಳೆಗಳ ಮೇಲೆ ಬರೆದಿಟ್ಟನು.

ಈ ಗ್ರಂಥಗಳು ಮುಂದೆ ಅಚ್ಚಾಗಿ, ಅನ್ಯಭಾಷೆಗಳಿಗೆ ಅನುವಾದಗೊಂಡವು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೆ. ಆರ್. ಆರ್. ಟೋಲ್ಕಿನ್ ಅವುಗಳನ್ನು ಮೂಲಭಾಷೆಯಲ್ಲಿಯೇ ಓದಿದ್ದರು. ಹಳೆಯ ಗೀತೆಯೊಂದರಲ್ಲಿ ಬರುವ ಕುಬ್ಜರ ಹೆಸರುಗಳ ಪಟ್ಟಿಯಿಂದ ಥೋರಿನ್, ಬೊಂಬುರ್, ಗ್ಯಾಂಡಾಲ್ಫ್ ಮುಂತಾದ ಹೆಸರುಗಳನ್ನು ಆಯ್ದು, 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಕಾದಂಬರಿಯ ಪಾತ್ರಗಳಿಗೆ ಇಟ್ಟರು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಇಂತಹ ಕಥೆಗಳಿಂದ ಧಾರಾಳವಾಗಿ ಎರವಲು ಪಡೆಯಿತು. ಅಲ್ಲಿಂದ ಮುಂದೆ ಗಣಕಯಂತ್ರದ ಆಟಗಳ ಸರದಿ. 2002ರ ‘ಏಜ್ ಆಫ್ ಮೈಥಾಲಜಿ’ ಎಂಬ ಆಟದಲ್ಲಿ ಹಸ್ಕಾರ್ಲ್, ವಾಲ್ಕಿರಿ, ಐನ್‌ಹೆರ್ಯರ್ ಮೂವರೂ ಇದ್ದಾರೆ.

ಹೆಸರು ದೂರ ಸಾಗಿದಂತೆ ಅದರ ಅರ್ಥವು ಸವೆಯುವುದೂ ಉಂಟು. 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಆಟದಲ್ಲಿ ಹಸ್ಕಾರ್ಲರನ್ನು ಗೋಥರ ಪಡೆಗೆ ಸೇರಿಸಲಾಗಿದೆ. ಆದರೆ ಗೋಥರ ಕೊನೆಯ ರಾಜ್ಯವು 8ನೆಯ ಶತಮಾನದ ಆರಂಭದಲ್ಲಿಯೇ ಅಳಿದಿತ್ತು. ಇಂಗ್ಲೆಂಡಿನ ಅರಸರ ಬಳಿ ಹಸ್ಕಾರ್ಲರು ಮೆರೆದುದು 11ನೆಯ ಶತಮಾನದಲ್ಲಿ. ಆಟಕ್ಕೆ ಇದರಿಂದ ಕುಂದಿಲ್ಲ. ಆದರೆ ಆಟವನ್ನೇ ಇತಿಹಾಸವೆಂದು ನಂಬಿದವನು ಮೋಸಹೋಗುತ್ತಾನೆ.

ಹೆಸರರಿಯದ ಆ ಲಿಪಿಕಾರನ ಚರ್ಮದ ಪುಸ್ತಕವು 1662ರಲ್ಲಿ ಡೆನ್ಮಾರ್ಕಿನ ಅರಸನಿಗೆ ಕಾಣಿಕೆಯಾಗಿ ಸಂದು, ಮುನ್ನೂರು ವರ್ಷಗಳ ಕಾಲ ಅಲ್ಲಿಯೇ ಇತ್ತು. 1971ರ ಏಪ್ರಿಲ್ 21ರಂದು ಅದು ಹಡಗಿನಲ್ಲಿ ಐಸ್‌ಲೆಂಡಿಗೆ ಮರಳಿದಾಗ, ಅದನ್ನು ಬರಮಾಡಿಕೊಳ್ಳಲು ರೇಕ್ಯಾವಿಕ್ ಬಂದರಿನಲ್ಲಿ ಸಾವಿರಾರು ಜನರು ನೆರೆದಿದ್ದರು. ಅವರು ಕಾದು ನಿಂತದ್ದು ಚಿನ್ನಕ್ಕಾಗಿ ಅಲ್ಲ, ಹಳೆಯ ಮಾತುಗಳ ಒಂದು ಸಣ್ಣ ಹೊತ್ತಗೆಗಾಗಿ. ಆಟದಲ್ಲಿ ಆ ಮಾತುಗಳು ಕಿವಿಗೆ ಬಿದ್ದಾಗ ಅವುಗಳ ಅರ್ಥವೇನೆಂದು ಕೇಳುವವನು, ಸ್ನೋರಿಯು ಕೈಗೊಂಡ ಕಾರ್ಯವನ್ನೇ ತನ್ನ ಮಟ್ಟಿಗೆ ಮುಂದುವರಿಸುತ್ತಾನೆ.