ಹೊಸ ಊರಿನ ಒಳಬಾಗಿಲುಗಳು

ಉದ್ಯೋಗದ ನಿಮಿತ್ತ ಊರು ಬಿಟ್ಟು ಊರಿಗೆ ಹೋಗುವುದು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದವರು ಮನೆಮನೆಯಲ್ಲಿದ್ದಾರೆ. ಹೋದವರಿಗೆ ಕಚೇರಿಯಿದೆ, ಮಕ್ಕಳಿಗೆ ಶಾಲೆಯಿದೆ. ಅವರ ಜೊತೆಯಲ್ಲಿ ಹೋಗುವ ವೃದ್ಧರಿಗೆ ಮಾತ್ರ ಹೊಸ ಊರು ಬಹುಕಾಲ ಪರಸ್ಥಳವಾಗಿಯೇ ಉಳಿಯುತ್ತದೆ. ಈ ಮಾತನ್ನು ನಾವು ಸ್ವಾನುಭವದಿಂದ ಅರಿತೆವು.

ಮಂಗಳೂರಿನಿಂದ ನಮ್ಮ ಸಂಸಾರ ಬೆಳಗಾವಿಗೆ ಬಂದಿಳಿದಾಗ ಮಳೆಗಾಲ. ತಂದೆಯವರು ತೀರಿಕೊಂಡ ಮೇಲೆ ಒಬ್ಬರೇ ಉಳಿದಿದ್ದ ತಾಯಿಯವರನ್ನೂ ಕರೆತಂದಿದ್ದೆವು. ಸಾಮಾನುಗಳೆಲ್ಲ ಹೊರಬಂದರೂ ಅವರು ಒಂದು ಪೆಟ್ಟಿಗೆಯನ್ನು ಮಾತ್ರ ಬಿಚ್ಚಗೊಡಲಿಲ್ಲ. ಹಳೆಯ ಮನೆಯ ಪೀಠದ ಶಿಲುಬೆಯೂ ಸಂತರ ಪ್ರತಿಮೆಗಳೂ ಅದರಲ್ಲಿದ್ದವು. "ಬಾಡಿಗೆಯ ಮನೆ. ಇಲ್ಲಿ ಯಾಕೆ ಮೊಳೆ ಹೊಡೆಯುವುದು?" ಎಂಬುದೇ ಅವರ ಉತ್ತರ. ಹೀಗಾಗಿ ಸಂಜೆಯ ಜಪಸರವನ್ನು ನಾವು ಬರಿಯ ಗೋಡೆಗೆ ಮುಖಮಾಡಿ ಹೇಳುತ್ತಿದ್ದೆವು.

ಕ್ಯಾಂಪ್ ಪ್ರದೇಶದ ಫಾತಿಮಾ ಮಾತೆಯ ಪ್ರಧಾನಾಲಯವೇ ನಮಗೆ ಮೊದಲ ಆಶ್ರಯವಾಯಿತು. 1953ರಲ್ಲಿ ಸ್ಥಾಪಿತವಾದ ಈ ಧರ್ಮಕ್ಷೇತ್ರದಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ನುಡಿಗಳ ಭಕ್ತರಿದ್ದಾರೆ. ಆದರೆ ಇಲ್ಲಿನ ಕೊಂಕಣಿಗೆ ಗೋವೆಯ ರಾಗ. ತಾಯಿಯವರು ಕೇಳಿ ಮುಗುಳ್ನಕ್ಕು ಸುಮ್ಮನಾಗುತ್ತಿದ್ದರು.

ಒಂದು ಭಾನುವಾರ ಪೂಜೆ ಮುಗಿಸಿ, ಕೊಡೆ ಹಿಡಿದು ಕೋಟೆಯೊಳಗೆ ಹೋದೆವು. ರಟ್ಟರ ಕಾಲದಲ್ಲಿ, 1204ರಲ್ಲಿ ನಿರ್ಮಾಣವಾದ ಕಮಲ ಬಸದಿ ಅಲ್ಲಿದೆ. ಅದರ ಛಾವಣಿಯಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿದೆ. ಅದೇ ಕೋಟೆಯಲ್ಲಿ ಸಫಾ ಮಸೀದಿಯೂ ರಾಮಕೃಷ್ಣ ಆಶ್ರಮವೂ ಇವೆ. ಸ್ವಾಮಿ ವಿವೇಕಾನಂದರು 1892ರಲ್ಲಿ ಈ ಊರಿಗೆ ಬಂದಿದ್ದರು. ತಾಯಿಯವರು ಕಮಲದ ಕೆಳಗೆ ಬಹಳ ಹೊತ್ತು ನಿಂತು, "ಇಷ್ಟು ಭಾರದ ಕಲ್ಲು ಮೇಲೆ ಹೇಗೆ ನಿಂತಿದೆ?" ಎಂದರು. ಬೆಳಗಾವಿಯನ್ನು ಕುರಿತು ಅವರು ಕೇಳಿದ ಮೊದಲ ಪ್ರಶ್ನೆ ಅದು.

ಅಂದಿನಿಂದ ಭಾನುವಾರಕ್ಕೊಂದು ಮೂಲೆಯನ್ನು ಹುಡುಕತೊಡಗಿದೆವು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರಲ್ಲಿ ಇಲ್ಲಿಯೇ ನಡೆಯಿತು. ಅದಕ್ಕಾಗಿ ತೋಡಿದ ಬಾವಿಯನ್ನು ಟಿಳಕವಾಡಿಯಲ್ಲಿ ಕಂಡೆವು. ಕಿರ್ಲೋಸ್ಕರ ರಸ್ತೆಯಲ್ಲಿ ನಡೆಯುವಾಗ, ಆ ಹೆಸರಿನ ಮಹಾ ಉದ್ಯಮ 1888ರಲ್ಲಿ ಇದೇ ಊರಿನ ಒಂದು ಸೈಕಲ್ ಅಂಗಡಿಯಿಂದ ಮೊದಲಾಯಿತೆಂದು ಮಕ್ಕಳಿಗೆ ಹೇಳಿದೆವು. ಮನೆಗೆ ಮರಳುವಾಗ ಕೈಯಲ್ಲಿ ಕುಂದಾದ ಪೊಟ್ಟಣ ತಪ್ಪುತ್ತಿರಲಿಲ್ಲ. ಆದರೂ ಪೆಟ್ಟಿಗೆ ಮುಚ್ಚಿಯೇ ಇತ್ತು.

ಮಳೆ ಹಿಂದೆ ಸರಿದ ಮೇಲೆ ಒಂದು ದಿನ ರೈಲಿನಲ್ಲಿ ಖಾನಾಪುರಕ್ಕೆ ಹೋದೆವು. ಬೆಳಗಾವಿಯಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿ, ಮಲಪ್ರಭೆಯ ದಡದಲ್ಲಿರುವ ಪಟ್ಟಣವಿದು. ನದಿ ಹುಟ್ಟುವುದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಕೃಷ್ಣೆಯನ್ನು ಸೇರುವುದು ದೂರದ ಕೂಡಲಸಂಗಮದಲ್ಲಿ. ಕದಂಬರ ಹಲಸಿಯೂ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವೂ ಈ ತಾಲ್ಲೂಕಿನವೇ. ಅವನ್ನು ನೋಡುವುದೇ ನಮ್ಮ ಉದ್ದೇಶವಾಗಿತ್ತು. ಆದರೆ ನಾವು ಪಟ್ಟಣವನ್ನು ದಾಟಿ ಮುಂದೆ ಹೋಗಲೇ ಇಲ್ಲ.

ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿದೆ. ದಾರಿಯ ಬದಿಯಲ್ಲಿ ಪೇರಿಸಿಟ್ಟ ಕೆಂಪು ಹೆಂಚುಗಳನ್ನು ಕಂಡು ತಾಯಿಯವರು ತಟ್ಟನೆ ನಿಂತರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳು ಹೆಂಚಿನ ಕೆಲಸದಿಂದ ಬದುಕಿದವು. ನಮ್ಮ ಅಜ್ಜನವರೂ ಹೆಂಚಿನ ಕೆಲಸಗಾರರೇ. ತಾಯಿಯವರು ಒಂದು ಹೆಂಚನ್ನೆತ್ತಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಚೆನ್ನಾಗಿ ಬೆಂದ ಹೆಂಚು ಗಂಟೆಯಂತೆ ನುಡಿಯುತ್ತದೆ. ಬೇಯದ್ದು ಮಂಕಾಗಿ ನುಡಿಯುತ್ತದೆ. "ಹದವಾಗಿ ಬೆಂದಿದೆ" ಎಂದರು.

ಅಲ್ಲಿದ್ದ ಹಿರಿಯ ಕುಂಬಾರರು ನಕ್ಕು, "ನಿಮಗ ಈ ಕೆಲಸ ಗೊತ್ತೈತಲ್ರೀ ಅವ್ವಾ! ಯಾವೂರ್ರೀ?" ಎಂದರು. ಆಮೇಲೆ ಮಾತು ಮಣ್ಣು ಹದಗೊಳಿಸುವುದರಿಂದ ನೆರಳಿನಲ್ಲಿ ಒಣಗಿಸುವುದಕ್ಕೆ, ಆವಿಗೆಯ ಉರಿಗೆ ಹರಿಯಿತು. ಅವರ ಕನ್ನಡ ಬೇರೆ, ಇವರ ಕನ್ನಡ ಬೇರೆ. ಆದರೂ ಒಂದು ಮಾತನ್ನೂ ಮತ್ತೊಮ್ಮೆ ಕೇಳಬೇಕಾಗಲಿಲ್ಲ. ಹಲಸಿಗೆ ಹೋಗುವ ಬಸ್ಸು ತಪ್ಪಿಹೋಯಿತು. ನಾವು ಯಾರೂ ಅದನ್ನು ನೆನಪಿಸಲಿಲ್ಲ.

ಹೊರಡುವಾಗ ತಾಯಿಯವರು ನೀರಿಗೆಂದು ಒಂದು ಗಡಿಗೆಯನ್ನು ಕೊಂಡರು. ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಗ, ಎದುರಿಗಿದ್ದ ಹೆಂಗಸೊಬ್ಬರು ಎಲ್ಲಿಗೆ ಹೋಗಬೇಕೆಂದು ವಿಚಾರಿಸಿದರು. "ಬೆಳಗಾವಿಗೆ. ನಮ್ಮ ಮನೆ ಅಲ್ಲೇ" ಎಂದರು ತಾಯಿಯವರು.

ಮನೆಯಲ್ಲಿ ವೃದ್ಧರಿರುವ ಓದುಗರಲ್ಲಿ ನಮ್ಮದೊಂದು ಬಿನ್ನಹ. ಹೊಸ ಊರಿನ ಪ್ರಸಿದ್ಧ ಸ್ಥಳಗಳನ್ನು ಅವರಿಗೆ ಅಗತ್ಯವಾಗಿ ತೋರಿಸಿರಿ. ಅದಕ್ಕೂ ಮೊದಲು, ಅವರ ಕೈಗೆ ಪರಿಚಯವಿರುವ ಕೆಲಸ ಆ ಊರಿನಲ್ಲಿ ಎಲ್ಲಿ ನಡೆಯುತ್ತದೆಂದು ವಿಚಾರಿಸಿರಿ. ನಾವು ಅದನ್ನು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಆ ರಾತ್ರಿ ಊಟವಾದ ಮೇಲೆ ತಾಯಿಯವರು ಪೆಟ್ಟಿಗೆಯ ಹಗ್ಗವನ್ನು ತಾವೇ ಬಿಚ್ಚಿ, ಸುತ್ತಿಗೆ ಎಲ್ಲಿದೆಯೆಂದು ಕೇಳಿದರು.