ನೂರು ಇಂಚಿನ ಆಸೆಗೆ ಹಾಲ್ ಲೈಟ್ ಆರಿಸಬೇಕಾ?

ಜೂನ್ ಕೊನೆಯಲ್ಲಿ ಶ್ರೀನಿವಾಸಪುರದಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. ಮಾವಿನ ತೋಟದ ದುಡ್ಡು ಕೈಗೆ ಬಂದಿತ್ತು, ಮನೆಯ ಹಳೇ ಟಿವಿ ಕೆಟ್ಟು ಕೂತಿತ್ತು. "ಅಣ್ಣಾ, ಹನ್ನೆರಡು ಸಾವಿರಕ್ಕೆ ಪ್ರೊಜೆಕ್ಟರ್ ಬರ್ತೈತೆ. ನೂರು ಇಂಚು, ಫೋರ್‌ಕೆ, 9000 ಲುಮೆನ್ಸು. ಅದೇ ದುಡ್ಡಿಗೆ ಟಿವಿ ಅಂದ್ರೆ 32 ಇಂಚು ಅಷ್ಟೆ. ನೀನು ಇಂಜಿನಿಯರ್ ಅಲ್ವಾ, ಹೇಳು." ನಾನು ಇಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದು ಎಷ್ಟು ವರ್ಷವಾದರೂ ನಮ್ಮ ಕಡೆಯವರು ಆ ಪದವಿಯನ್ನು ಬಿಟ್ಟುಕೊಟ್ಟಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟರೂ ಫೋನ್ ಬರೋದು ನನಗೇ.

ಮೊದಲು ಆ 9000 ನೋಡೋಣ. ಲುಮೆನ್ ಅಂದರೆ ಒಟ್ಟು ಎಷ್ಟು ಬೆಳಕು ಹೊರಬರುತ್ತೆ ಅನ್ನೋ ಅಳತೆ. ಪ್ರೊಜೆಕ್ಟರ್‌ಗಳಿಗೆ ಆನ್ಸಿ ಅನ್ನೋ ಒಪ್ಪಿತ ವಿಧಾನವಿದೆ: ಪರದೆಯ ಒಂಬತ್ತು ಜಾಗಗಳಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಡಬ್ಬದ ಮೇಲೆ ಆ ಹೆಸರಿಲ್ಲದೆ ಬರೀ ಲುಮೆನ್ಸ್ ಅಂತಿದ್ದರೆ ಅಂಕಿಯನ್ನು ನಂಬಬೇಡಿ. ಈ ಬೆಲೆಗೆ ಸಾಮಾನ್ಯವಾಗಿ ಸಿಗೋದು 200ರಿಂದ 500 ಆನ್ಸಿ ಲುಮೆನ್. ನಿಮ್ಮ ಹಾಲ್‌ನ 20 ವ್ಯಾಟ್ ಎಲ್ಇಡಿ ಟ್ಯೂಬ್‌ಲೈಟೇ ಸುಮಾರು 2000 ಲುಮೆನ್ ಕೊಡುತ್ತೆ. ಫೋರ್‌ಕೆ ಕಥೆಯೂ ಇಷ್ಟೇ. "ಫೋರ್‌ಕೆ ಸಪೋರ್ಟ್" ಅಂದರೆ ಫೋರ್‌ಕೆ ವಿಡಿಯೊ ಕೊಟ್ಟರೆ ಅದು ತಗೊಳ್ಳುತ್ತೆ, ಗೋಡೆಗೆ ಬಿಡೋದು 720 ಅಥವಾ 1080 ಗೆರೆಗಳನ್ನೇ. ನೇಟಿವ್ ರೆಸಲ್ಯೂಶನ್ ಎಷ್ಟು ಅಂತ ಕೇಳಿ.

ಆ 500 ಲುಮೆನ್ ಎಷ್ಟು ಜಾಗಕ್ಕೆ ಹರಡಬೇಕು? 43 ಇಂಚಿನ ಟಿವಿಯ ಪರದೆ ಸುಮಾರು ಅರ್ಧ ಚದರ ಮೀಟರ್. ನೂರು ಇಂಚು ಅಂದರೆ 2.75 ಚದರ ಮೀಟರ್, ಐದು ಪಟ್ಟಿಗೂ ಜಾಸ್ತಿ. ಅಷ್ಟಕ್ಕೆ ಹರಡಿದಾಗ ಗೋಡೆಯ ಹೊಳಪು 60 ನಿಟ್ಸ್ ಕೂಡ ದಾಟಲ್ಲ. ಸಾಧಾರಣ ಟಿವಿ 250ರ ಆಸುಪಾಸು ಕೊಡುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಕಪ್ಪು ಬಣ್ಣದ್ದು. ಯಾವ ಪ್ರೊಜೆಕ್ಟರೂ ಕಪ್ಪನ್ನು ಬಿಡೋಕೆ ಆಗಲ್ಲ, ಬೆಳಕನ್ನು ತಡೀಬಹುದು ಅಷ್ಟೆ. ಹಾಗಾಗಿ ಸಿನಿಮಾದಲ್ಲಿ ರಾತ್ರಿ ಬಂದಾಗ ಕಾಣೋ ಕಪ್ಪು, ಆ ಹೊತ್ತಿಗೆ ನಿಮ್ಮ ಗೋಡೆ ಯಾವ ಬಣ್ಣಕ್ಕಿದೆಯೋ ಆ ಬಣ್ಣ. ಟ್ಯೂಬ್‌ಲೈಟ್ ಹಾಕಿದರೆ ಬೂದಿ.

ಆದ್ದರಿಂದ ಲೈಟ್ ಆರಿಸಬೇಕು. ನಾನು ಅವನಿಗೆ ಕೇಳಿದ ಪ್ರಶ್ನೆ ಇಲ್ಲಿಂದಲೇ ಶುರುವಾಯಿತು: ಸಂಜೆ ಏಳಕ್ಕೆ ನಿಮ್ಮ ಹಾಲ್‌ನಲ್ಲಿ ಯಾರು ಏನು ಮಾಡ್ತಿರ್ತಾರೆ? ಚಿಕ್ಕಮ್ಮ ಸೀರಿಯಲ್ ನೋಡ್ತಾ ಅವರೆಕಾಯಿ ಬಿಡಿಸ್ತಾರೆ. ತಂಗಿ ಅದೇ ಹಾಲ್‌ನ ಮೂಲೆಯಲ್ಲಿ ಪಿಯುಸಿ ಓದ್ತಾಳೆ. ಹೋಂ ಥಿಯೇಟರ್ ಜಾಹೀರಾತುಗಳಲ್ಲಿ ಸಿನಿಮಾಗೆಂದೇ ಒಂದು ಖಾಲಿ ಕೋಣೆ ಇರುತ್ತೆ. ನಮ್ಮ ತಾಲ್ಲೂಕುಗಳ ಮನೆಗಳಲ್ಲಿ ಹಾಲೇ ಊಟದ ಜಾಗ, ಓದೋ ಜಾಗ, ಮಲಗೋ ಜಾಗ. ಒಬ್ಬನ ಥಿಯೇಟರ್‌ಗಾಗಿ ಕತ್ತಲು ಮಾಡಿದರೆ ಇಬ್ಬರು ಹೆಂಗಸರ ಕೆಲಸ ನಿಲ್ಲುತ್ತೆ, ಇಲ್ಲಾಂದ್ರೆ ಅವರು ಎದ್ದು ಅಡುಗೆಮನೆಗೆ ಹೋಗ್ತಾರೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಇನ್ನೊಂದು ದಾರಿ ಹುಡುಕಿದ: ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಸಿಗೋ ಆಫೀಸ್ ಪ್ರೊಜೆಕ್ಟರ್, 3000 ಲುಮೆನ್. ಬೆಳಕೇನೋ ನಿಜ. ಆದರೆ ಒಳಗಿರೋ ದೀಪಕ್ಕೆ 280 ವ್ಯಾಟ್ ಆಸುಪಾಸು ಬೇಕು. ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ 25 ಯೂನಿಟ್. ಟಿವಿಗೆ ಏಳು ಸಾಕು. ಗೃಹಜ್ಯೋತಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಇವತ್ತಿಗೂ ತುಂಬ ಜನ ತಿಳ್ಕೊಂಡಿದ್ದಾರೆ. 200 ಮೇಲಿನ ಮಿತಿ. 2023ರಲ್ಲಿ ಯೋಜನೆ ಬಂದಾಗ ಹಾಕಿದ ಲೆಕ್ಕ, 2022-23ರ ನಿಮ್ಮ ಸರಾಸರಿ ಮತ್ತು ಅದರ ಮೇಲೆ ಶೇ 10. ಸರಾಸರಿ 60 ಇದ್ದ ಮನೆಗೆ 66. ಟಿವಿ ಜಾಗಕ್ಕೆ ಈ ಪ್ರೊಜೆಕ್ಟರ್ ಬಂದರೆ 18 ಯೂನಿಟ್ ಏರುತ್ತೆ, ಅದರಲ್ಲಿ 12ಕ್ಕೆ ದುಡ್ಡು ಕಟ್ಟಬೇಕು. ಇಂಥ ದೀಪಕ್ಕೆ ಆಯಸ್ಸೂ ಕಡಿಮೆ, 3000ದಿಂದ 5000 ಗಂಟೆ. ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಿ ಅದನ್ನು ತಣ್ಣಗೆ ಮಾಡಬೇಕು, ಕರೆಂಟ್ ಪಟ್ಟನೆ ಹೋದರೆ ದೀಪಕ್ಕೆ ಏಟು. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆಯವರಿಗೆ ಧೂಳಿನ ಕಾಟ ಬೇರೆ.

ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿ, ಪ್ರೊಜೆಕ್ಟರ್ ಎರಡಕ್ಕೂ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ.

ಹಾಗಂತ ಪ್ರೊಜೆಕ್ಟರ್ ದಂಡ ಅಂತಲ್ಲ. ಮನೆಯಿಂದ ಹೊರಗೆ ತನ್ನಿ, ಲೆಕ್ಕ ತಿರುಗಿ ಬೀಳುತ್ತೆ. ಕೋಲಾರದ ಬೆಟ್ಟದ ಮೇಲೆ ಆದಿಮದಲ್ಲಿ 'ಹುಣ್ಣಿಮೆ ಹಾಡು' ಕೇಳಿದವರಿಗೆ ಬೆಳದಿಂಗಳು ಎಷ್ಟು ಜೋರು ಅನಿಸಿರುತ್ತೆ. ಅಳೆದರೆ ಅದು 0.3 ಲಕ್ಸ್ ಕೂಡ ದಾಟಲ್ಲ, 500 ಲುಮೆನ್ ಪೆಟ್ಟಿಗೆಗೂ ಅದು ಕತ್ತಲೇ. ಶಾಲೆಯ ಗೋಡೆ, ಒಂದು ಸ್ಪೀಕರ್, ಅಂಬೇಡ್ಕರ್ ಜಯಂತಿ ರಾತ್ರಿ ಒಂದು ಡಾಕ್ಯುಮೆಂಟರಿ. ನೂರು ಜನಕ್ಕೆ ಕಾಣೋ ಚಿತ್ರ ಯಾವ 43 ಇಂಚಿನ ಟಿವಿಯೂ ಕೊಡಲ್ಲ.

ಕೊನೆಗೆ ಮನೆಗೆ 43 ಇಂಚಿನ ಟಿವಿ ಬಂತು, ಮಾವಿನ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ. ಪ್ರೊಜೆಕ್ಟರ್‌ಗೆ ಅವನೂ ನಾಲ್ಕು ಜನ ಗೆಳೆಯರೂ ಚೀಟಿ ಹಾಕ್ತಿದ್ದಾರೆ. ಆನ್ಸಿ ಅಂತ ಬರೆದಿರೋದನ್ನೇ ತಗೊಳ್ಳಿ, ಅಂಗಡಿಯಲ್ಲಿ ಲೈಟ್ ಹಾಕಿಸಿ ಒಮ್ಮೆ, ಆರಿಸಿ ಒಮ್ಮೆ ನೋಡಿ, ಬಿಲ್ ಇಟ್ಕೊಳ್ಳಿ, ಮೋಸ ಅನಿಸಿದರೆ ಗ್ರಾಹಕ ಸಹಾಯವಾಣಿ 1915 ಅಂತ ಹೇಳಿದ್ದೇನೆ. ಗೋಡೆ ಯಾವುದು ಅನ್ನೋ ಜಗಳ ಇನ್ನೂ ಮುಗಿದಿಲ್ಲ.