ಕಾಲಿನ ಒಳಸಿರೆಗಳಲ್ಲಿ ಹೆಪ್ಪುಗಟ್ಟುವ ರಕ್ತ

ಬೀಳಗಿ ತಾಲ್ಲೂಕಿನ ಗಲಗಲಿಯು ಕೃಷ್ಣೆಯ ದಂಡೆಯ ಮೇಲಿರುವ ಊರು. ಮಳೆಗಾಲದಲ್ಲಿ ಮಣ್ಣನ್ನು ಹೊತ್ತು ರಭಸದಿಂದ ಬರುವ ಈ ನದಿ, ಆಲಮಟ್ಟಿಯ ಜಲಾಶಯ ತುಂಬಿ ಹಿನ್ನೀರು ನಿಂತೆಡೆಯಲ್ಲಿ ತನ್ನ ನಡಿಗೆಯನ್ನು ನಿಧಾನಗೊಳಿಸುವುದನ್ನು ಆ ಸೀಮೆಯ ಜನರೆಲ್ಲ ಬಲ್ಲರು. ಹರಿವು ತಗ್ಗಿದಲ್ಲಿ ಹೂಳು ಕೂಡುತ್ತದೆ. ನಮ್ಮ ಶರೀರದಲ್ಲಿಯೂ ಇದನ್ನು ಹೋಲುವ ಒಂದು ಸಂಗತಿ ನಡೆಯುವುದುಂಟು. ಆದರೆ ಒಂದು ಭೇದವನ್ನು ಮೊದಲೇ ಹೇಳಿಬಿಡಬೇಕು: ಹೂಳು ನೀರಿನಿಂದ ಬೇರೆಯಾದ ವಸ್ತು, ರಕ್ತನಾಳದಲ್ಲಿಯಾದರೋ ರಕ್ತವೇ ಗಟ್ಟಿಯಾಗಿ ತನ್ನ ದಾರಿಗೆ ತಾನೇ ಅಡ್ಡವಾಗುತ್ತದೆ.

ಹೃದಯದಿಂದ ಹೊರಟ ರಕ್ತವು ಅಪಧಮನಿಗಳ ಮೂಲಕ ಅಂಗಾಲಿನವರೆಗೆ ಇಳಿಯುವುದು ಸುಲಭ; ಹಿಂದೆ ಹೃದಯ ಒತ್ತುತ್ತಿರುತ್ತದೆ. ಮರಳಿ ಮೇಲೇರುವುದೇ ಕಷ್ಟ. ಮರಳುವ ನಾಳಗಳಿಗೆ ಅಭಿಧಮನಿ ಅಥವಾ ಸಿರೆಗಳೆಂದು ಹೆಸರು. ಚರ್ಮದಡಿಯಲ್ಲಿ ಹಸಿರು ನೀಲಿಯಾಗಿ ಕಾಣುವವು ಮೇಲ್ಸಿರೆಗಳು. ಕಾಲಿನ ರಕ್ತದ ಬಹುಪಾಲನ್ನು ಹೊರುವವು ಸ್ನಾಯುಗಳ ನಡುವೆ ಅಡಗಿರುವ ಒಳಸಿರೆಗಳು. ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಈ ಒಳಸಿರೆಗಳನ್ನು ಹಿಂಡುತ್ತವೆ. ಹಿಂಡಿದ ರಕ್ತ ಕೆಳಕ್ಕೆ ಜಾರದಂತೆ ಸಿರೆಗಳ ಒಳಗೆ ಪುಟ್ಟ ಕವಾಟಗಳಿವೆ. ಇವನ್ನು ಸವಿಸ್ತಾರವಾಗಿ ವರ್ಣಿಸಿದ ಗ್ರಂಥವನ್ನು ಇಟಲಿಯ ಪಡುವಾದಲ್ಲಿದ್ದ ಫ್ಯಾಬ್ರಿಸಿಯಸ್ 1603ರಲ್ಲಿ ಪ್ರಕಟಿಸಿದನು. ಅವು ಏಕಮುಖವಾಗಿ ಹೃದಯದತ್ತಲೇ ತೆರೆಯುವವೆಂಬುದರ ಅರ್ಥವನ್ನು 1628ರಲ್ಲಿ ಜಗತ್ತಿಗೆ ತಿಳಿಸಿದವನು ಆತನ ಶಿಷ್ಯ ವಿಲಿಯಂ ಹಾರ್ವೆ.

ಹಾರ್ವೆಯ ಪ್ರಯೋಗವನ್ನು ವಿದ್ಯಾರ್ಥಿಗಳು ತಮ್ಮ ಕೈಯ ಮೇಲೆಯೇ ಮಾಡಿ ನೋಡಬಹುದು. ಮೊಣಕೈಯ ಮೇಲ್ಗಡೆ ಒಂದು ಪಟ್ಟಿಯನ್ನು ಹಗುರವಾಗಿ ಕಟ್ಟಿದರೆ ಮುಂಗೈಯ ಸಿರೆಗಳು ಉಬ್ಬುತ್ತವೆ. ಅಲ್ಲಲ್ಲಿ ಕಾಣುವ ಗಂಟುಗಳೇ ಕವಾಟಗಳ ಸ್ಥಾನ. ಒಂದು ಬೆರಳಿನಿಂದ ಸಿರೆಯನ್ನು ಒತ್ತಿಹಿಡಿದು, ಇನ್ನೊಂದರಿಂದ ರಕ್ತವನ್ನು ಮೇಲಿನ ಗಂಟಿನಾಚೆಗೆ ಸವರಿರಿ. ಮೇಲಿನ ಬೆರಳನ್ನು ತೆಗೆದರೂ ನಡುವಣ ಭಾಗ ಬರಿದಾಗಿಯೇ ಇರುತ್ತದೆ. ಕೆಳಗಿನ ಬೆರಳನ್ನು ತೆಗೆದೊಡನೆ ತುಂಬಿಕೊಳ್ಳುತ್ತದೆ. ಪ್ರಯೋಗ ಮುಗಿದ ಮೇಲೆ ಪಟ್ಟಿಯನ್ನು ಬಿಚ್ಚಲು ಮರೆಯಬಾರದಷ್ಟೆ!

ಅಲುಗಾಡದೆ ನಿಂತವನ ಪಾದದ ಸಿರೆಯಲ್ಲಿ ರಕ್ತದ ಒತ್ತಡವು ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಆತನು ನಡೆಯತೊಡಗಿದರೆ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಮೀನಖಂಡದ ಈ ಯಂತ್ರ ನಿಂತುಹೋದರೆ ಕವಾಟಗಳ ಹಿಂದಿನ ಸಂದುಗಳಲ್ಲಿ ರಕ್ತ ಮಡುಗಟ್ಟಿ, ಅಲ್ಲಿ ಆಮ್ಲಜನಕವೂ ಕಡಿಮೆಯಾಗಿ, ಫೈಬ್ರಿನ್ನಿನ ಎಳೆಗಳು ಹೆಣೆದುಕೊಂಡು ಹೆಪ್ಪು ಮೊಳೆಯಬಹುದು. ಹರಿವಿನ ಮಾಂದ್ಯ, ನಾಳದ ಒಳಗೋಡೆಗೆ ಬಿದ್ದ ಪೆಟ್ಟು, ರಕ್ತದಲ್ಲಿಯೇ ಹೆಪ್ಪುಗಟ್ಟುವ ಗುಣದ ಹೆಚ್ಚಳ ಇವು ಮೂರನ್ನು ಹೆಪ್ಪಿನ ಕಾರಣಗಳೆಂದು ಇಂದಿಗೂ ಜರ್ಮನಿಯ ರುಡಾಲ್ಫ್ ವಿರ್ಖೋ ಎಂಬ ವಿಜ್ಞಾನಿಯ ಹೆಸರಿನಲ್ಲಿ ಕಲಿಸುತ್ತಾರೆ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಬಲ್ಲುದೆಂದು ತೋರಿಸಿದವನು ಆತನೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬಾಂಬುಗಳ ಭಯದಿಂದ ಲಂಡನ್ನಿನ ಜನರು ಆಶ್ರಯಸ್ಥಾನಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆಯೇ ರಾತ್ರಿಗಳನ್ನು ಕಳೆಯಬೇಕಾಯಿತು. ಕುರ್ಚಿಯ ಮುಂದಿನ ಅಡ್ಡಪಟ್ಟಿ ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಅವರಲ್ಲಿ ಕೆಲವರು ಬಾಂಬು ತಗಲದೆಯೇ ಹಠಾತ್ತನೆ ಮರಣ ಹೊಂದಿದರು. ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಲುಕಿದ್ದುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯನು ಅದೇ ವರ್ಷ ವರದಿ ಮಾಡಿದನು. ಜಮಖಂಡಿ, ಮುಧೋಳಗಳಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗುವವರು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ನಾಲ್ಕು ಗಂಟೆಗೂ ಮೀರಿ ಕುಳಿತೇ ಪ್ರಯಾಣಮಾಡಿದರೆ ಅಪಾಯವು ಸುಮಾರು ಎರಡರಷ್ಟಾಗುವುದೆಂದೂ, ಆದರೂ ಆರೋಗ್ಯವಂತರಲ್ಲಿ ಅದು 6000ಕ್ಕೆ ಒಬ್ಬರ ಪ್ರಮಾಣದಲ್ಲಿರುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು.

ನಿಜವಾಗಿ ಎಚ್ಚರವಿರಬೇಕಾದ ಸಂದರ್ಭಗಳು ಬೇರೆ. ದೊಡ್ಡ ಶಸ್ತ್ರಚಿಕಿತ್ಸೆಯಾದವರು, ಎಲುಬು ಮುರಿದು ಕಾಲಿಗೆ ಪಟ್ಟು ಹಾಕಿಸಿಕೊಂಡವರು, ಅರ್ಬುದ ರೋಗಿಗಳು, ಬಹುದಿನ ಹಾಸಿಗೆ ಹಿಡಿದವರು, ಗರ್ಭಿಣಿಯರು, ಬಾಣಂತಿಯರು — ಇವರಲ್ಲಿ ಹೆಪ್ಪಿನ ಸಂಭವ ಹೆಚ್ಚು. ಹೆರಿಗೆಯ ರಕ್ತಸ್ರಾವ ಬೇಗ ನಿಲ್ಲಲೆಂದು ಪ್ರಕೃತಿಯೇ ಗರ್ಭಿಣಿಯ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯನ್ನು ಹೆಚ್ಚಿಸಿರುತ್ತದೆ. ಹೆರಿಗೆಯಾದ ಮೇಲೆಯೂ ಕೆಲವು ವಾರಗಳ ಕಾಲ ಅದು ಉಳಿಯುತ್ತದೆ. ಕಿಬ್ಬೊಟ್ಟೆಯೊಳಗೆ ಎಡಗಾಲಿನ ಸಿರೆಯ ಮೇಲೆ ಬಲಗಡೆಯ ಅಪಧಮನಿಯು ಹಾದುಹೋಗಿ ಅದನ್ನು ಅದುಮುವುದರಿಂದ ಇಂಥವರಲ್ಲಿ ಎಡಗಾಲಿಗೇ ತೊಂದರೆಯಾಗುವುದು ಹೆಚ್ಚು. ಬಾಣಂತಿಯರ ಮಿದುಳಿನ ಸಿರೆಗಳಲ್ಲಿಯೂ ಹೆಪ್ಪುಗಟ್ಟುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗತಜ್ಞರು ಇದನ್ನು ಬಹುಕಾಲ ಅಭ್ಯಸಿಸಿದ್ದಾರೆ.

ನಮ್ಮ ಹಳ್ಳಿಗಳಲ್ಲಿ ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವ, ಹೊರಸಿನ ಕೆಳಗೆ ಕುಳ್ಳಿನ ಕೆಂಡವಿಟ್ಟು ಕಾಯಿಸುವ ಸಂಪ್ರದಾಯವಿದೆ. ದಣಿದ ಹೆಂಗಸಿಗೆ ವಿಶ್ರಾಂತಿಯನ್ನೂ ಆರೈಕೆಯನ್ನೂ ದೊರಕಿಸಿಕೊಟ್ಟ ಈ ಪದ್ಧತಿಯನ್ನು ಹಳಿಯುವುದು ಈ ಲೇಖಕನ ಉದ್ದೇಶವಲ್ಲ. ಆದರೆ ನೀರನ್ನು ಅಳೆದು ಕೊಡುವುದೂ, ವಾರಗಟ್ಟಲೆ ಮಲಗಿಸಿಯೇ ಇಡುವುದೂ ರಕ್ತದ ಹರಿವಿಗೆ ಹಿತವಲ್ಲ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಅವಳ ಒಂದು ಕಾಲು ಬಾತರೆ “ನಂಜಾಗಿದೆ” ಎಂದೋ “ವಾಯು ಹಿಡಿದಿದೆ” ಎಂದೋ ಇನ್ನಷ್ಟು ಬಲವಾಗಿ ತಿಕ್ಕುವುದುಂಟು. ಒಳಗೆ ಹೆಪ್ಪಿದ್ದಲ್ಲಿ ಹಾಗೆ ತಿಕ್ಕಿದಾಗ ಅದರ ತುಣುಕು ಕಳಚಿಕೊಳ್ಳಬಹುದು. ಕಳಚಿದ ತುಣುಕು ಮೇಲೆ ಹೋದಂತೆ ಸಿರೆಗಳು ಅಗಲವಾಗುತ್ತ ಹೋಗುವುದರಿಂದ ಎಲ್ಲಿಯೂ ಸಿಕ್ಕಿಕೊಳ್ಳದೆ ಹೃದಯದ ಬಲಭಾಗವನ್ನು ದಾಟಿ, ನಾಳಗಳು ಮತ್ತೆ ಕಿರಿದಾಗುವ ಶ್ವಾಸಕೋಶದಲ್ಲಿ ಹೋಗಿ ಸಿಲುಕುತ್ತದೆ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚು, ಕೆಮ್ಮಿದಾಗ ರಕ್ತ, ಮೂರ್ಛೆ ಇವು ಅದರ ಲಕ್ಷಣಗಳು. ಆಗ ಗಳಿಗೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಕಾಲಿನಲ್ಲಿಯೇ ಇದನ್ನು ಗುರುತಿಸುವುದು ಹೇಗೆ? ಗರ್ಭಿಣಿಯರ ಎರಡೂ ಪಾದಗಳು ಸಂಜೆಯ ಹೊತ್ತಿಗೆ ಬಾಯುವುದು ಸಾಮಾನ್ಯ. ಹೃದಯ, ಮೂತ್ರಪಿಂಡಗಳ ರೋಗದಲ್ಲಿಯೂ ಬಾವು ಬಹುಮಟ್ಟಿಗೆ ಎರಡೂ ಕಾಲುಗಳಿಗೆ ಬರುತ್ತದೆ. ಒಳಸಿರೆಯ ಹೆಪ್ಪಿನಲ್ಲಿ ಒಂದೇ ಕಾಲು, ಅದೂ ಕೆಲವೇ ದಿನಗಳಲ್ಲಿ, ಬಾತು ಬಿಗಿಯುತ್ತದೆ; ಮುಟ್ಟಿದರೆ ಬೆಚ್ಚಗೆ, ಮೀನಖಂಡವನ್ನು ಒತ್ತಿದರೆ ನೋವು; ಬಣ್ಣ ಕೆಂಪು ಅಥವಾ ನಸುನೀಲಿ. ಮೊಣಕಾಲಿನ ಕೆಳಗಣ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲುಗಳ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆದು ನೋಡಿದಾಗ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ಎಣಿಸುತ್ತಾರೆ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಿಗೆ ಆನೆಕಾಲು ರೋಗವು ಪರಿಚಿತವಾದುದರಿಂದ ಒಂಟಿಕಾಲಿನ ಬಾವನ್ನು ಅದೇ ಎಂದು ತಿಳಿದು ಸುಮ್ಮನಿರುವುದೂ ಸಹಜ. ಆದರೆ ಆನೆಕಾಲು ಬೆಳೆಯಲು ವರ್ಷಗಳು ಬೇಕು. ಯಾವ ಲಕ್ಷಣವನ್ನೂ ತೋರದ ಹೆಪ್ಪುಗಳೂ ಇವೆ. ಆದಕಾರಣ ಕಣ್ಣಿನ ಅಂದಾಜೇ ಕೊನೆಯ ಮಾತಲ್ಲ. ಶ್ರವಣಾತೀತ ಧ್ವನಿಯ ಯಂತ್ರದಿಂದ ನೋಡುತ್ತ ಸಿರೆಯನ್ನು ಮೆಲ್ಲನೆ ಅದುಮುತ್ತಾರೆ: ಬರಿಯ ರಕ್ತವಿದ್ದರೆ ಸಿರೆ ಚಪ್ಪಟೆಯಾಗುತ್ತದೆ, ಹೆಪ್ಪಿದ್ದರೆ ಆಗುವುದಿಲ್ಲ.

ಔಷಧಗಳಲ್ಲಿ ಹೆಪಾರಿನ್ ಚುಚ್ಚುಮದ್ದು ಒಂದು, ವಾರ್ಫರಿನ್ ಗುಳಿಗೆ ಇನ್ನೊಂದು. ಈಚೆಗೆ ಬೇರೆ ಗುಳಿಗೆಗಳೂ ಬಂದಿವೆ. ವಾರ್ಫರಿನ್ನಿನ ಜನ್ಮವೃತ್ತಾಂತವನ್ನು ದನಕರು ಸಾಕುವವರು ಕುತೂಹಲದಿಂದ ಕೇಳಿಯಾರು. 1933ರ ಫೆಬ್ರವರಿಯ ಹಿಮಪಾತದಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ನಿನ ರೈತನೊಬ್ಬನು ಸತ್ತ ಮಣಕವನ್ನೂ, ಹಾಲಿನ ಡಬ್ಬಿಯ ತುಂಬ ಹೆಪ್ಪುಗಟ್ಟದ ರಕ್ತವನ್ನೂ ತಂದು ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಇರಿಸಿದನು. ಬೂಷ್ಟು ಹಿಡಿದ ಮೇವನ್ನು ತಿಂದು ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ಆ ಮೇವಿನೊಳಗಿನ ವಸ್ತುವನ್ನು ಲಿಂಕನ ಸಂಗಡಿಗರು 1939ರಲ್ಲಿ ಬೇರ್ಪಡಿಸಿದರು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂದು, 1954ರಲ್ಲಿ ಮನುಷ್ಯರ ಮದ್ದಾಯಿತು.

ಈ ಮದ್ದುಗಳು ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತವೆ. ಕರಗಿಸುವ ಕೆಲಸವನ್ನು ಶರೀರವೇ ನಿಧಾನವಾಗಿ ಮಾಡುತ್ತದೆ. ಆದುದರಿಂದಲೇ ಬಾವು ಇಳಿದರೂ ಕನಿಷ್ಠ ಮೂರು ತಿಂಗಳು ಮದ್ದನ್ನು ಬಿಡುವಂತಿಲ್ಲ. ವಾರ್ಫರಿನ್ ಗರ್ಭಸ್ಥ ಶಿಶುವಿಗೆ ಹಾನಿಕರವಾದ ಕಾರಣ ಗರ್ಭಿಣಿಗೆ ಹೆಪಾರಿನ್ ಕೊಡುತ್ತಾರೆ; ಮೊಲೆಯೂಡಿಸುವ ತಾಯಿಗೆ ಎರಡೂ ಆಗುತ್ತವೆ. ಚಿಕಿತ್ಸೆ ತಡವಾದವರಲ್ಲಿ ಹೆಪ್ಪು ಕರಗಿದ ಮೇಲೂ ಕವಾಟಗಳು ಕೆಟ್ಟುಹೋಗಿರುವುದುಂಟು. ಅಂಥವರ ಕಾಲು ಸಂಜೆಯಾಗುತ್ತಲೇ ಭಾರವಾಗುತ್ತದೆ, ಹರಡಿನ ಬಳಿ ಚರ್ಮ ಕಪ್ಪಾಗುತ್ತದೆ, ಕೆಲವರಿಗೆ ಅಲ್ಲಿಯೇ ಮಾಯದ ಹುಣ್ಣಾಗುತ್ತದೆ. ಬಿಗಿಯಾದ ಕಾಲುಚೀಲವನ್ನು ಅವರು ವರ್ಷಗಟ್ಟಲೆ ಧರಿಸಬೇಕಾಗಿ ಬರುತ್ತದೆ.